ಬೆಲುಂ ಗುಹೆಯ ಪಾತಾಳಗಂಗೆ ತನಕ ಇಳಿದು ಬರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಆಂಧ್ರದ ಬೆಲುಂ ಗುಹೆಗೆ ಹೋಗಿ ಬಂದವರನ್ನು "ಪಾತಾಳಗಂಗೆ ನೋಡಿದ್ರಾ?" ಅಂತ ಕೇಳಿ ನೋಡಿ. ಎಷ್ಟೋ ಜನ "ಅಲ್ಲಿ ತನಕ ಹೋಗೋಕೆ ಆಗಲಿಲ್ಲ, ಉಸಿರು ಕಟ್ಟಿದ ಹಾಗಾಯ್ತು, ಅರ್ಧಕ್ಕೇ ವಾಪಸ್ ಬಂದ್ವಿ" ಅನ್ನುತ್ತಾರೆ. ನೆಲದಡಿಯ ಹೊಳೆ ನೋಡಬೇಕು ಅಂತಲೇ ಬೆಂಗಳೂರಿನಿಂದಲೋ ಬಳ್ಳಾರಿಯಿಂದಲೋ ಹೊರಟು, ಅದೊಂದನ್ನೇ ನೋಡದೆ ಬರುವುದು ಬೇಸರದ ಸಂಗತಿ. ಮೊದಲ ಸಲ ನನಗೂ ಹಾಗೇ ಆಯಿತು. ಎರಡನೇ ಸಲ ಆರಾಮಾಗಿ ಹೋಗಿ ಬಂದೆ. ಅಷ್ಟರಲ್ಲಿ ನನ್ನ ಮೈಗೇನೂ ಹೆಚ್ಚು ಬಲ ಬಂದಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ ಬದಲಾಗಿತ್ತು, ಅಷ್ಟೇ.

ಈ ಬರಹ ಆ ಕ್ರಮದ ಬಗ್ಗೆ. ಗುಹೆಯ ಇತಿಹಾಸ ಇಲ್ಲಿಲ್ಲ.

## ಹೊರಡುವ ಮೊದಲು ತಿಳಿದಿರಬೇಕಾದ ಮೂರು ವಿಷಯ

ಮೊದಲನೆಯದು, ಇಲ್ಲಿ ತುಂಗಭದ್ರೆಯಂಥ ನದಿ ಕಾಣುವುದಿಲ್ಲ. ಪಾತಾಳಗಂಗೆ ಒಂದು ಸಣ್ಣ ತೊರೆ. ವರ್ಷವಿಡೀ ಹರಿಯುತ್ತದೆ. ಬಂಡೆಗಳ ನಡುವೆ ಸ್ವಲ್ಪ ದೂರ ಕಂಡು, ಮತ್ತೆ ನೆಲದೊಳಗೆ ಇಳಿದು ಮಾಯವಾಗುತ್ತದೆ. ಅದೇ ನೀರು ಬೆಲುಂ ಊರಿನ ಬಾವಿಗೆ ಹೋಗಿ ಸೇರುತ್ತದೆ ಅಂತ ಅಲ್ಲಿಯವರು ನಂಬುತ್ತಾರೆ. ದೋಣಿ, ಜಲಪಾತ ಅಂತೆಲ್ಲ ಕಲ್ಪಿಸಿಕೊಂಡು ಹೋಗಬೇಡಿ.

ಎರಡನೆಯದು, ಇಲ್ಲಿ ನೀರಿಗೆ ಇಳಿಯುವ ಕೆಲಸವಿಲ್ಲ. ಬೀದರಿನ ಝರಣಿ ನರಸಿಂಹನ ಗುಹೆಗೆ ಹೋದವರು ಎದೆಮಟ್ಟದ ನೀರಿನಲ್ಲಿ ನಡೆದದ್ದನ್ನು ನೆನೆದು, ಬೆಲುಂಗೂ ಒಂದು ಜೊತೆ ಬಟ್ಟೆ, ಪ್ಲಾಸ್ಟಿಕ್ ಚಪ್ಪಲಿ ತರುತ್ತಾರೆ. ಬಟ್ಟೆ ಬೇಕೇ ಬೇಕು, ಆದರೆ ಬೆವರಿನ ಕಾರಣಕ್ಕೆ. ಚಪ್ಪಲಿ ಮಾತ್ರ ಇಲ್ಲಿ ನಡೆಯುವುದಿಲ್ಲ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಬೆಲುಂ ಗುಹೆಯ ಒಟ್ಟು ಉದ್ದ 3,229 ಮೀಟರ್. ನೋಡಲು ಬಿಡುವುದು ಹೆಚ್ಚುಕಡಿಮೆ ಅದರ ಅರ್ಧ. ಪಾತಾಳಗಂಗೆ ಇರುವುದು ಅದರ ತೀರಾ ತಳದಲ್ಲಿ, ಬಾಗಿಲ ಮಟ್ಟದಿಂದ 46 ಮೀಟರ್ ಕೆಳಗೆ. ಹತ್ತಿರ ಹತ್ತಿರ 15 ಅಂತಸ್ತಿನ ಕಟ್ಟಡದಷ್ಟು ಆಳ. ಬೆಟ್ಟದಲ್ಲಿ ಹತ್ತುವ ಕಷ್ಟ ಮೊದಲು, ಇಳಿಯುವ ಸುಖ ಆಮೇಲೆ. ಸುಸ್ತಾದಾಗ ತಿರುಗಿ ಇಳಿದರೆ ಸಾಕು. ಗುಹೆಯಲ್ಲಿ ಇದು ತಿರುಗಾಮುರುಗಾ. ಹೋಗುವಾಗ ಸಲೀಸು, ಬರುವಾಗ ಏರು. "ಇನ್ನೂ ಶಕ್ತಿ ಇದೆ, ಬಾ" ಅಂತ ಪೂರ್ತಿ ಶಕ್ತಿ ಖರ್ಚು ಮಾಡಿ ಇಳಿದರೆ ಹತ್ತಲು ಏನೂ ಉಳಿದಿರುವುದಿಲ್ಲ. ಮುಂದಿನ ಹಂತಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

## ಹಂತ 1: ತಿಂಗಳು ಮತ್ತು ಹೊತ್ತು ಆರಿಸುವುದು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಗುಹೆಯೊಳಗೆ ಚಳಿಗಾಲದಲ್ಲೂ ಸೆಕೆಯೇ. ಸುಣ್ಣಕಲ್ಲಿನ ಗುಹೆಯ ಒಳಗಿನ ಬಿಸಿ ಸಾಮಾನ್ಯವಾಗಿ ಆ ಊರಿನ ವರ್ಷದ ಸರಾಸರಿ ಬಿಸಿಯ ಆಸುಪಾಸಿನಲ್ಲಿರುತ್ತದೆ. ಹಿಮಾಲಯದ ಗುಹೆ ತಣ್ಣಗಿದ್ದರೆ ರಾಯಲಸೀಮೆಯ ಗುಹೆ ಬೆಚ್ಚಗಿರುವುದು ಅದಕ್ಕೇ. ಹಾಗಿದ್ದರೆ ಚಳಿಗಾಲ ಯಾಕೆ? ಹೊರಗಿನ ಬಿಸಿಲಿನಲ್ಲಿ ಮೈ ಮೊದಲೇ ಬೆಂದು ಒಣಗಿರುವುದಿಲ್ಲ, ಅದಕ್ಕೆ. ಏಪ್ರಿಲ್, ಮೇನಲ್ಲಿ ಅಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಪಾತಾಳಗಂಗೆಗೆ ಇಳಿಯುವುದು ಬೇಡವೇ ಬೇಡ.

ಜೋರು ಮಳೆಯ ದಿನಗಳಲ್ಲೂ ಬೇಡ. ಸುಣ್ಣಕಲ್ಲಿನ ಬಿರುಕುಗಳು ಮೇಲಿನ ಹೊಲದ ನೀರನ್ನು ಸೀದಾ ಒಳಗೆ ಇಳಿಸುತ್ತವೆ. ಮೇಲೆ ಮಳೆ ನಿಂತ ಮೇಲೂ ಕೆಳಗೆ ನೀರು ಏರುತ್ತಿರಬಹುದು.

ಗೇಟ್ ತೆಗೆಯುವ ಹೊತ್ತಿಗೇ ಅಲ್ಲಿರಿ. ಆಗ ಜನ ಕಡಿಮೆ, ಗಾಳಿ ಹಗುರ. ಮಧ್ಯಾಹ್ನದ ಹೊತ್ತಿಗೆ ನೂರಾರು ಜನ ಒಳಗೆ ಉಸಿರಾಡಿರುತ್ತಾರೆ. ಒಳಗೆ ಗಾಳಿ ಹಾಯಿಸುವ ವ್ಯವಸ್ಥೆ ಇದೆ, ಆದರೂ ಮೂಲೆಯ ಕವಲುಗಳಲ್ಲಿ ವ್ಯತ್ಯಾಸ ಮೂಗಿಗೇ ಗೊತ್ತಾಗುತ್ತದೆ. ಭಾನುವಾರ, ಸಂಕ್ರಾಂತಿ ರಜೆ, ಶಾಲೆಯ ಪ್ರವಾಸದ ದಿನಗಳನ್ನು ಬಿಟ್ಟು ವಾರದ ನಡುವೆ ಹೋದರೆ ಜಾಸ್ತಿ ಒಳ್ಳೆಯದು. ಗೇಟಿನ ಸಮಯ ಬದಲಾಗುತ್ತಿರುತ್ತದೆ. ಹಿಂದಿನ ದಿನ ಆಂಧ್ರ ಪ್ರವಾಸೋದ್ಯಮ ನಿಗಮಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ.

ಸಾಮಾನ್ಯ ತಪ್ಪು: ಬೆಳಗ್ಗೆ ಗಂಡಿಕೋಟೆಯ ಸೂರ್ಯೋದಯ, ಮಧ್ಯಾಹ್ನ ಬೆಲುಂ ಅಂತ ಯೋಜನೆ ಹಾಕುವುದು. ನಾಲ್ಕು ಗಂಟೆಗೇ ಎದ್ದು, ಕೋಟೆಯಲ್ಲಿ ಅಲೆದಾಡಿ, ಬಿಸಿಲಿನಲ್ಲಿ ಕಾರು ಓಡಿಸಿ, ಊಟ ಬೇರೆ ಮುಗಿಸಿ ಗುಹೆಗೆ ಇಳಿದರೆ ಅರ್ಧಕ್ಕೇ ವಾಪಸ್ ಬರುವುದು ಖಂಡಿತ. ನನ್ನ ಮೊದಲ ಸಲದ ಕತೆ ಇದೇ. ತಿರುವು ಹಾಕಿ: ಬೆಳಗ್ಗೆ ಬೆಲುಂ, ಸಂಜೆ ಗಂಡಿಕೋಟೆ. ಪೆನ್ನಾ ನದಿಯ ಆ ಕಣಿವೆಯಲ್ಲಿ ಸೂರ್ಯಾಸ್ತವೂ ಚೆಂದವೇ.

## ಹಂತ 2: ಹಿಂದಿನ ರಾತ್ರಿ ಹತ್ತಿರ ಬಂದು ಮಲಗುವುದು

ಗುಹೆ ಇರುವುದು ಆಂಧ್ರದ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲದ ಪಕ್ಕ. ಬೆಂಗಳೂರಿನಿಂದ ಅನಂತಪುರ, ತಾಡಿಪತ್ರಿ ಮೇಲೆ ಹೋಗಬೇಕು. ಸುಮಾರು 300 ಕಿ.ಮೀ. ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಬಳ್ಳಾರಿ ಕಡೆಯವರಿಗೆ ಗುಂತಕಲ್, ಗುತ್ತಿ, ತಾಡಿಪತ್ರಿ ದಾರಿ. ತಾಡಿಪತ್ರಿಯಿಂದ ಗುಹೆಗೆ 30 ಕಿ.ಮೀ.

ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅನ್ನುವವರು ಇದ್ದಾರೆ. ಆಗುತ್ತದೆ, ಆದರೆ ಗಾಡಿ ಓಡಿಸುವವರು ಪಾತಾಳಗಂಗೆಗೆ ಇಳಿಯಬಾರದು. ನಿದ್ದೆಗೆಟ್ಟ ಮೈ ಸೆಕೆ ತಡೆಯುವುದಿಲ್ಲ. ತಾಡಿಪತ್ರಿಯಲ್ಲಿ ಲಾಡ್ಜ್ ಹಿಡಿದು ಮಲಗಿ. ರೈಲಿನಲ್ಲಿ ಬರುವವರಿಗೂ ಇದೇ ಅನುಕೂಲ. ತಾಡಿಪತ್ರಿ ನಿಲ್ದಾಣ ಗುಂತಕಲ್–ರೇಣಿಗುಂಟ ಮಾರ್ಗದಲ್ಲಿದೆ. ಅಲ್ಲಿಂದ ಕೊಲಿಮಿಗುಂಡ್ಲ ಕಡೆಯ ಬಸ್ಸು ಅಥವಾ ಬಾಡಿಗೆ ಕಾರು.

ಕೊನೆಯ 30 ಕಿ.ಮೀ.ನಲ್ಲಿ ನಿಧಾನ. ನಮ್ಮ ಅಡುಗೆಮನೆಯ ಕಟ್ಟೆಗೆ ಹಾಕುತ್ತೇವಲ್ಲ, ಆ ಕಡಪ ಕಲ್ಲಿನ ಸೀಮೆ ಇದು. ಚಪ್ಪಡಿ ಹೊತ್ತ ಲಾರಿಗಳು, ಸಿಮೆಂಟ್ ಲಾರಿಗಳು ಸಾಲಾಗಿ ಬರುತ್ತಿರುತ್ತವೆ. ರಸ್ತೆಬದಿಯ ಗೋಡೆಗಳೂ ಅದೇ ಚಪ್ಪಡಿಯವು.

## ಹಂತ 3: ಚೀಲ ಸಿದ್ಧಪಡಿಸುವುದು

ಒಂದು ಸಣ್ಣ ಬೆನ್ನುಚೀಲ ಸಾಕು. ಕೈಯಲ್ಲಿ ಏನೂ ಹಿಡಿದಿರಬಾರದು. ಕೆಲವು ಕಡೆ ಎರಡೂ ಕೈ ಬೇಕಾಗುತ್ತದೆ.

- ತಲೆಗೆ ಕಟ್ಟುವ ಟಾರ್ಚ್, ತಪ್ಪಿದರೆ ಸಣ್ಣ ಕೈ ಟಾರ್ಚ್. ಗುಂಪಿಗೆ ಎರಡಾದರೂ ಇರಲಿ. ಒಳಗೆ ವಿದ್ಯುತ್ ದೀಪಗಳಿವೆ, ಕರೆಂಟು ಹೋದರೆ ಅಲ್ಲಿನ ಕತ್ತಲೆ ಎಂಥದ್ದು ಅಂತ ಊಹಿಸುವುದೂ ಕಷ್ಟ. ಮೊಬೈಲ್ ಬೆಳಕನ್ನೇ ನಂಬಬೇಡಿ.
- ತಲಾ ಒಂದು ಲೀಟರ್ ನೀರು, ಒಂದು ಪ್ಯಾಕೆಟ್ ಒಆರ್‌ಎಸ್. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಬರೀ ನೀರು ಸಾಲದು.
- ಹಿಡಿತ ಇರುವ ಅಡಿಯ ಶೂ. ಇಳಿಜಾರಿನ ಕಡೆ ನೆಲ ತೇವ.
- ತೆಳ್ಳನೆಯ ಹತ್ತಿ ಬಟ್ಟೆ. ಜೀನ್ಸ್ ಬೇಡ, ಒದ್ದೆಯಾದರೆ ಮಂಡಿ ಮಡಚಲು ಬಿಡುವುದಿಲ್ಲ. ಸೀರೆ, ಉದ್ದ ದುಪಟ್ಟಾ ಮೆಟ್ಟಿಲಿನಲ್ಲಿ ಕಾಲಿಗೆ ಸಿಕ್ಕುತ್ತದೆ. ಚೂಡಿದಾರ್ ಆದರೆ ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಳ್ಳಿ.
- ಒಂದು ಪಂಚೆ ತುಂಡು ಅಥವಾ ಸಣ್ಣ ಟವೆಲ್.
- ದಿನವೂ ತೆಗೆದುಕೊಳ್ಳುವ ಔಷಧಿ. ಇನ್‌ಹೇಲರ್ ಬಳಸುವವರು ಅದನ್ನು ಚೀಲದಲ್ಲಿ ಹಾಕಬೇಡಿ, ಜೇಬಿನಲ್ಲಿಡಿ.

ಬದಲಿ ಬಟ್ಟೆ ಕಾರಿನಲ್ಲೇ ಇರಲಿ. ಟ್ರೈಪಾಡ್, ಊಟದ ಡಬ್ಬಿ, ಮಗುವಿನ ಗಾಡಿ ಇವೆಲ್ಲ ಮೇಲೇ ಉಳಿಯಲಿ. ಗೇಟಿನಲ್ಲಿ ಚೀಲ, ಬಾಟಲಿ ಬಿಡುವುದಿಲ್ಲ ಅಂದರೆ ಜಗಳ ಬೇಡ. ಅಲ್ಲೇ ನಿಂತು ಹೊಟ್ಟೆ ತುಂಬ ನೀರು ಕುಡಿದು ಇಳಿಯಿರಿ.

## ಹಂತ 4: ಇಳಿಯುವ ಮುಂಚಿನ ಅರ್ಧ ಗಂಟೆ

ಇದನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಕಾರು ನಿಲ್ಲಿಸಿದ ಕೂಡಲೇ ಟಿಕೆಟ್ ಕೊಂಡು ಇಳಿಯಬೇಡಿ.

ಮೊದಲು ನೆರಳಿನಲ್ಲಿ ಕುಳಿತು ಎರಡು ಲೋಟ ನೀರು ಕುಡಿಯಿರಿ. ತಿಂಡಿ ಹಗುರವಾಗಿರಲಿ. ಇಡ್ಲಿ ಸರಿ, ಹೊಟ್ಟೆ ಬಿರಿಯುವಷ್ಟು ಪೂರಿ ಬೇಡ. ಖಾಲಿ ಹೊಟ್ಟೆಯಲ್ಲೂ ಇಳಿಯಬಾರದು. ಒಳಗೆ ಶೌಚಾಲಯ ಇಲ್ಲ ಅಂತಲೇ ತಿಳಿದು ಮೇಲೇ ಮುಗಿಸಿಕೊಳ್ಳಿ.

ಆಮೇಲೆ ಟಿಕೆಟ್ ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ. "ಪಾತಾಳಗಂಗ ತೆರಿಚಿ ಉಂದಾ?" ಅಂದರೆ ಪಾತಾಳಗಂಗೆ ತೆರೆದಿದೆಯಾ ಅಂತ. "ಗೈಡು ಉನ್ನಾರಾ?" ಅಂದರೆ ಗೈಡ್ ಇದ್ದಾರಾ ಅಂತ. ಗೈಡ್ ಸಿಕ್ಕರೆ ಖಂಡಿತ ಕರೆದುಕೊಳ್ಳಿ. ಅವರಿಗೂ ಮೊದಲೇ ಹೇಳಿಬಿಡಿ: ನಮಗೆ ಮೊದಲು ಪಾತಾಳಗಂಗೆ, ಉಳಿದದ್ದು ಆಮೇಲೆ.

ಈಗ ಗುಂಪಿನಲ್ಲಿ ಯಾರು ಕೊನೆ ತನಕ ಇಳಿಯಬಾರದು ಅಂತ ತೀರ್ಮಾನಿಸಿ. ಹೃದಯದ ತೊಂದರೆ ಇರುವವರು, ಹತೋಟಿಗೆ ಬಾರದ ಬಿಪಿ ಇರುವವರು, ಉಬ್ಬಸದವರು, ಬಸುರಿಯರು, ಮಂಡಿ ನೋವಿನವರು, ಎತ್ತಿಕೊಳ್ಳಬೇಕಾದ ಮಕ್ಕಳು. ಮುಚ್ಚಿದ ಜಾಗ ಅಂದರೆ ಎದೆ ಹೊಡೆದುಕೊಳ್ಳುವವರೂ ಅಷ್ಟೇ. ಅವರು ಗುಹೆಯನ್ನೇ ಬಿಡಬೇಕಿಲ್ಲ. ಮೊದಲ ದೊಡ್ಡ ಅಂಗಳಗಳು ಎತ್ತರವಾಗಿ, ಅಗಲವಾಗಿವೆ. ಅಲ್ಲಿ ಸುತ್ತಾಡಿ ಬಂದರೂ ಮನಸ್ಸು ತುಂಬುತ್ತದೆ. ಈ ಮಾತನ್ನು ಮೇಲೇ ಆಡಿ ಮುಗಿಸಿ. ಕೆಳಗೆ ಹೋದ ಮೇಲೆ "ನಾನೊಬ್ಬಳೇ ಯಾಕೆ ಹಿಂದೆ ಉಳಿಯಲಿ" ಅನ್ನುವ ಸಂಕೋಚ ಬಂದುಬಿಡುತ್ತದೆ. ಅತ್ತೆ, ಚಿಕ್ಕಮ್ಮಂದಿರು ಬಾಯಿಬಿಟ್ಟು ಹೇಳದೆ ಕಷ್ಟಪಡುವುದು ಇಲ್ಲೇ.

## ಹಂತ 5: ಬೇರೆ ಕವಲು ಬಿಟ್ಟು ಸೀದಾ ಪಾತಾಳಗಂಗೆ ಕಡೆಗೆ

ಬಯಲಿನಲ್ಲಿ ಬಾವಿಯಂತೆ ಬಾಯಿ ತೆರೆದ ಗುಂಡಿ, ಅದಕ್ಕೆ ಮೆಟ್ಟಿಲು. ಅದೇ ಬಾಗಿಲು. ಮೆಟ್ಟಿಲು ಇಳಿದ ಮೇಲೆ ಎರಡು ನಿಮಿಷ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ.

ಕನ್ನಡಕ ಹಾಕಿದವರಿಗೆ ಮೊದಲ ಸೂಚನೆ ಇಲ್ಲೇ ಸಿಗುತ್ತದೆ. ಗಾಜಿನ ಅಂಚಿನಿಂದ ಮಂಜು ಹತ್ತುತ್ತಾ ಬಂದು, ನಡುವೆ ಒಂದು ರೂಪಾಯಿಯಷ್ಟು ಜಾಗ ಮಾತ್ರ ಸ್ಪಷ್ಟ ಉಳಿಯುತ್ತದೆ. ಒರೆಸಿದರೆ ಮತ್ತೆ ಕವಿಯುತ್ತದೆ. ಗಾಳಿಯಲ್ಲಿ ಎಷ್ಟು ತೇವ ಇದೆ ಅಂತ ಹೇಳಲು ಬೇರೆ ಯಂತ್ರ ಬೇಡ. ಇಷ್ಟು ತೇವದಲ್ಲಿ ಬೆವರು ಆರುವುದಿಲ್ಲ, ಸುಮ್ನೆ ಹರಿದುಹೋಗುತ್ತದೆ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುವುದು. ಆರದಿದ್ದರೆ ನೀರೂ ಹೋಯಿತು, ತಂಪೂ ಬರಲಿಲ್ಲ. ನಡಿಗೆ ನಿಧಾನ ಮಾಡುವುದೊಂದೇ ಇದಕ್ಕೆ ಮದ್ದು. ಪಕ್ಕದವರ ಜೊತೆ ಆರಾಮಾಗಿ ಮಾತಾಡಿಕೊಂಡು ನಡೆಯಲು ಆಗಬೇಕು. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ.

ದಾರಿಯಲ್ಲಿ ಕವಲುಗಳು ಬರುತ್ತವೆ. ಸಿಂಹದ್ವಾರ, ಕೋಟಿಲಿಂಗಾಲು, ಸಪ್ತಸ್ವರಾಲ ಗುಹ, ಧ್ಯಾನಮಂದಿರ ಅಂತ ಬೋರ್ಡುಗಳು. ನಮ್ಮವರಿಗೆ ಇಲ್ಲಿ ಒಂದು ಅನುಕೂಲ ಇದೆ: ತೆಲುಗು ಲಿಪಿ ನಮ್ಮ ಲಿಪಿಯ ತಂಗಿಯ ಹಾಗೆ. ತಲೆಕಟ್ಟಿನ ವ್ಯತ್ಯಾಸ ಮರೆತು ಅಕ್ಷರ ಕೂಡಿಸಿ ಓದಿದರೆ "ಪಾತಾಳಗಂಗ" ಸಿಕ್ಕೇ ಸಿಗುತ್ತದೆ. ಪ್ರತಿ ಕವಲಿನಲ್ಲೂ ಆ ಬೋರ್ಡು ಹುಡುಕಿ, ಅದರ ಕಡೆಗೇ ನಡೆಯಿರಿ. ಉಳಿದ ಕವಲುಗಳನ್ನು ಎಷ್ಟೇ ಆಸೆಯಾದರೂ ಮುಟ್ಟಬೇಡಿ.

ಸಾಮಾನ್ಯ ತಪ್ಪು: "ದಾರಿಯಲ್ಲೇ ಇದೆಯಲ್ಲ, ನೋಡಿಬಿಡೋಣ" ಅಂತ ಪ್ರತಿಯೊಂದನ್ನೂ ಹೊಕ್ಕು, ಫೋಟೋ ತೆಗೆದು, ಒಂದು ಗಂಟೆ ಕಳೆಯುವುದು. ಪಾತಾಳಗಂಗೆಯ ಬೋರ್ಡಿನ ಮುಂದೆ ನಿಂತಾಗ ಬಾಟಲಿ ಖಾಲಿ, ಮಕ್ಕಳು ಅಳು. ಬಹಳ ಜನ ತಿರುಗುವುದು ಇಲ್ಲಿಂದಲೇ.

ದಾರಿಯುದ್ದಕ್ಕೂ 15 ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ನೀರು. ಬಾಯಾರಿಕೆಗೆ ಕಾಯಬೇಡಿ. ಅರ್ಧ ಬಾಟಲಿ ಮುಟ್ಟಿದ ಕೂಡಲೇ, ಎಲ್ಲೇ ಇದ್ದರೂ, ಹಿಂದಿರುಗುವ ಲೆಕ್ಕ ಶುರು ಮಾಡಿ.

## ಹಂತ 6: ಕೊನೆಯ ಇಳಿಜಾರು

ಇಲ್ಲಿ ದಾರಿ ಕಿರಿದಾಗುತ್ತದೆ, ಚಾವಣಿ ತಗ್ಗುತ್ತದೆ, ಮೆಟ್ಟಿಲು ಕಡಿದಾಗುತ್ತದೆ. ಇಳಿಯುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಸುಮ್ಮನೆ ನಿಂತು ಒಂದು ನಿಮಿಷ ಉಸಿರಾಡಿ. ನಿಂತಲ್ಲೇ ಏದುಸಿರು ಇಳಿದರೆ ಮುಂದೆ ಹೋಗಿ. ನಿಂತ ಮೇಲೂ ಉಸಿರು ಓಡುತ್ತಲೇ ಇದ್ದರೆ ಇಲ್ಲಿಂದ ವಾಪಸ್. ಇಲ್ಲಿ ಯಾರೂ ಯಾರನ್ನೂ ಒತ್ತಾಯಿಸಬಾರದು.

ಮೇಲೆ ಬರುತ್ತಿರುವವರಿಗೆ ಮೊದಲು ದಾರಿ ಬಿಡಿ. ಏರುತ್ತಿರುವವರು ನಡುವೆ ನಿಂತರೆ ಅವರಿಗೆ ಕಷ್ಟ ಜಾಸ್ತಿ. ಕಂಬಿ ತೇವವಾಗಿ ಜಾರುತ್ತದೆ, ಬೆರಳಿನಲ್ಲಿ ಮುಟ್ಟಿದರೆ ಸಾಲದು, ಮುಷ್ಟಿಯಲ್ಲಿ ಹಿಡಿಯಿರಿ. ಕಡಿದಾದ ಕಡೆ ಏಣಿ ಇಳಿಯುವ ಹಾಗೆ ಗೋಡೆ ಕಡೆ ಮುಖ ಮಾಡಿ ಇಳಿಯುವುದು ಸುಲಭ. ತಲೆ ತಗ್ಗಿಸಿದವರು ಬೇಗ ಎತ್ತಬೇಡಿ. ಎತ್ತರದವರ ಹಣೆಗೆ ಪೆಟ್ಟು ಬೀಳುವುದು, ಬಗ್ಗಿ ದಾಟಿದ ಮೇಲೆ "ಮುಗೀತು" ಅಂದುಕೊಂಡು ನೆಟ್ಟಗಾಗುವಾಗ.

ಗುಂಪಿನಲ್ಲಿ ಗಟ್ಟಿಗರು ಒಬ್ಬರು ಮುಂದೆ, ಒಬ್ಬರು ಕೊನೆಯಲ್ಲಿ. ಮಕ್ಕಳು ನಡುವೆ.

## ಹಂತ 7: ನೀರಿನ ಬಳಿ

ತಲುಪಿದ ಕೂಡಲೇ ಮೊಬೈಲ್ ತೆಗೆಯಬೇಡಿ. ಎಲ್ಲರೂ ಮಾತು ನಿಲ್ಲಿಸಿ. ಮೊದಲು ಕೇಳುವುದು ನಿಮ್ಮದೇ ಎದೆಬಡಿತ. ಅದು ಇಳಿಯುತ್ತಾ ಬಂದ ಹಾಗೆ ಅದರ ಹಿಂದಿನಿಂದ ನೀರಿನ ಸದ್ದು ಮೇಲೇಳುತ್ತದೆ. ಅಲ್ಲಿಯವರೆಗೂ ಅದು ಇತ್ತು, ನಮಗೆ ಕೇಳಿರಲಿಲ್ಲ. ಟಾರ್ಚನ್ನು ನೀರಿನ ಮೇಲೆ ಓರೆಯಾಗಿ ಹಿಡಿದರೆ ಹರಿವು ಕಾಣುತ್ತದೆ. ಕಪ್ಪು ಕಲ್ಲಿನ ಸಂದಿಗೆ ಅದು ನುಸುಳಿಕೊಂಡು ಹೋಗುವ ಜಾಗ ನೋಡಿ. ಇಷ್ಟು ದೊಡ್ಡ ಮನೆಯನ್ನು ಕೊರೆದದ್ದು ಇಂಥ ನೀರೇ. ನನಗಂತೂ ಆ ಸಂದಿ ನೋಡಿದಾಗ ಕೈ ಮುಗಿಯಬೇಕು ಅನ್ನಿಸಿತು.

ಆ ನೀರನ್ನು ಕುಡಿಯಬೇಡಿ. ತಿಳಿಯಾಗಿ ಕಂಡರೂ ಅದು ಶೋಧಿಸಿದ ನೀರಲ್ಲ. ಮರಳು ಮಣ್ಣಿನಲ್ಲಿ ಇಳಿಯುವ ನೀರು ಸೋಸಿಕೊಳ್ಳುತ್ತದೆ. ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿಯುವುದು ಮೇಲಿನ ಗೊಬ್ಬರ, ಔಷಧಿ, ಕೊಳೆಯನ್ನೆಲ್ಲ ಹೊತ್ತುಕೊಂಡೇ ಬರುತ್ತದೆ. ನಾಣ್ಯ, ಕುಂಕುಮ, ಹೂವು ಹಾಕುವುದೂ ಬೇಡ. ಭಕ್ತಿ ಇದ್ದರೆ ನೀರನ್ನು ಹಾಗೇ ಬಿಡಿ, ಅದು ಇನ್ಯಾರದೋ ಬಾವಿಗೆ ಹೋಗುವ ನೀರು. ಚಾವಣಿಯಿಂದ ಇಳಿಬಿದ್ದ ಸುಣ್ಣದ ಜೋಲುಗಳನ್ನು ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದ ಕಡೆ ಅವು ಬೆಳೆಯುವುದು ನಿಲ್ಲುತ್ತದೆ.

ಹತ್ತು ನಿಮಿಷ ಸಾಕು. ಇಲ್ಲಿ ಗಾಳಿ ಎಲ್ಲಕ್ಕಿಂತ ಭಾರ. ಕುಳಿತು ಹರಟುವ ಜಾಗ ಇದಲ್ಲ.

## ಹಂತ 8: ಹತ್ತಿ ಬರುವುದು

ಹೊರಡುವ ಮೊದಲು ಉಳಿದ ನೀರಿನಲ್ಲಿ ಅರ್ಧ ಕುಡಿಯಿರಿ. 20 ಮೆಟ್ಟಿಲಿಗೊಮ್ಮೆ ನಿಲ್ಲಿ. ಸುಸ್ತಾಗಿರಲಿ, ಆಗದಿರಲಿ, ನಿಲ್ಲಿ. ಬೇಗ ಹೊರಗೆ ಹೋಗಿಬಿಡೋಣ ಅಂತ ಒಂದೇ ಉಸಿರಿಗೆ ಹತ್ತುವವರು ನಡುವೆ ಕುಸಿಯುತ್ತಾರೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರು ಮುಂದೆ ಇರಲಿ, ಅವರ ವೇಗವೇ ಎಲ್ಲರ ವೇಗ.

ಅಗಲವಾದ ಅಂಗಳಕ್ಕೆ ಬಂದ ಮೇಲೆ ಗಾಳಿ ಬರುವ ಕಡೆ ಕುಳಿತು ಕಾಲು ಗಂಟೆ ಸುಧಾರಿಸಿಕೊಳ್ಳಿ. ಮೈ ಒಪ್ಪಿದರೆ ಬಿಟ್ಟುಬಂದ ಕವಲುಗಳನ್ನು ಈಗ ನೋಡಿ. ಒಪ್ಪದಿದ್ದರೆ ಬಿಡಿ. ಕೋಟಿಲಿಂಗಾಲು ಒಂದನ್ನು ಮಾತ್ರ ತಪ್ಪಿಸಬೇಡಿ ಅನ್ನುತ್ತೇನೆ. ಮೇಲಿನಿಂದ ಇಳಿಬಿದ್ದ ಸುಣ್ಣದ ಲಿಂಗಗಳ ಸಾಲು ಅದು.

## ಅಪಾಯದ ಸೂಚನೆಗಳು

ಮೈಯಲ್ಲಿ: ತಲೆನೋವು, ವಾಕರಿಕೆ, ಕಣ್ಣು ಕತ್ತಲೆ ಬರುವುದು, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು. ಇವು ಮೊದಲ ಸೂಚನೆ. ಕುಳಿತು ಒಆರ್‌ಎಸ್ ಕುಡಿಸಿ, ಕತ್ತು ಮುಖ ಒರೆಸಿ, ಆಮೇಲೆ ನಿಧಾನಕ್ಕೆ ಮೇಲಕ್ಕೆ ಕರೆತನ್ನಿ. ಕೆಳಗೆ ಮಾತ್ರ ಇಳಿಸಬೇಡಿ. ಮಾತು ತೊದಲಿದರೆ, ಕೇಳಿದ್ದಕ್ಕೆ ಬೇರೇನೋ ಉತ್ತರ ಕೊಟ್ಟರೆ, ಬೆವರುತ್ತಿದ್ದವರ ಚರ್ಮ ಇದ್ದಕ್ಕಿದ್ದಂತೆ ಒಣಗಿ ಬಿಸಿಯಾದರೆ, ಎದೆ ಹಿಡಿದುಕೊಂಡರೆ ತಡ ಮಾಡಬೇಡಿ. ಒಳಗೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಗಟ್ಟಿಮುಟ್ಟಾದ ಒಬ್ಬರು ಸಿಬ್ಬಂದಿಯ ಬಳಿ ಹೋಗಲಿ, ಇನ್ನೊಬ್ಬರು ರೋಗಿಯ ಬಳಿಯೇ ಇರಲಿ. ಮೇಲೆ ಬಂದು 108ಕ್ಕೆ ಕರೆ ಮಾಡಿ.

ಗುಂಪಿನಲ್ಲಿ: ವಟಗುಟ್ಟುತ್ತಿದ್ದ ಮಗು ಸುಮ್ಮನಾದರೆ ಗಮನಿಸಿ. ಮಕ್ಕಳು ಸುಸ್ತನ್ನು ಬಾಯಲ್ಲಿ ಹೇಳುವುದಿಲ್ಲ.

ಗುಹೆಯಲ್ಲಿ: ನೀರಿನ ಬಣ್ಣ ಕೆಂಪಾಗುವುದು, ಸದ್ದು ಏರುವುದು, ಒಣಗಿದ್ದ ಕಡೆ ಹೊಸದಾಗಿ ನೀರು ಒಸರುವುದು. ಮೂರರಲ್ಲಿ ಒಂದು ಕಂಡರೂ ಹೊರಗೆ ನಡೆಯಿರಿ. ದೀಪ ಆರಿದರೆ ಮಾತ್ರ ಇದ್ದಲ್ಲೇ ನಿಲ್ಲಿ. ಟಾರ್ಚ್ ಹಚ್ಚಿ, ತಲೆ ಎಣಿಸಿ, ಸ್ವಲ್ಪ ಕಾಯಿರಿ. ಕತ್ತಲಲ್ಲಿ ಓಡುವವರೇ ಬೀಳುವುದು.

## ಹೊರಗೆ ಬಂದ ಮೇಲೆ

ಬಿಸಿಲಿಗೆ ಕಾಲಿಟ್ಟ ಕೂಡಲೇ ಗಾಡಿ ಹತ್ತಬೇಡಿ. ಕೆಳಗೆ ಸೆಕೆ ಅನ್ನಿಸಿದವರಿಗೆ ಮೇಲಿನ ಗಾಳಿ ತಂಪಾಗಿ ತಾಗುತ್ತದೆ, ಮೈ ಸರಿಹೋಯಿತು ಅನ್ನಿಸುತ್ತದೆ. ಕಳೆದುಹೋದ ನೀರು ಇನ್ನೂ ವಾಪಸ್ ಬಂದಿರುವುದಿಲ್ಲ. ಬಟ್ಟೆ ಬದಲಿಸಿ, ಮಜ್ಜಿಗೆಯೋ ಉಪ್ಪು ಹಾಕಿದ ನಿಂಬೆ ಶರಬತ್ತೋ ಕುಡಿದು, ಅರ್ಧ ಗಂಟೆ ನೆರಳಿನಲ್ಲಿ ಕೂತಿರಿ. ಶೂ ಬಿಚ್ಚಿ ಕಾಲು ಚಾಚಿ. ಆಮೇಲೆ ಗಂಡಿಕೋಟೆ ಕಡೆ ಹೊರಡಬಹುದು. ಕೋಟೆ ಬೇಡ, ತಾಡಿಪತ್ರಿಗೇ ವಾಪಸ್ ಅನ್ನುವವರು ಪೆನ್ನಾ ದಂಡೆಯ ಬುಗ್ಗ ರಾಮಲಿಂಗೇಶ್ವರನ ಗುಡಿಗೆ ಹೋಗಿ. ಬುಗ್ಗ ಅಂದರೆ ತೆಲುಗಿನಲ್ಲಿ ನೀರಿನ ಊಟೆ. ಅಲ್ಲಿ ಲಿಂಗದ ಬುಡದಲ್ಲಿ ನೆಲದಿಂದ ನೀರು ಜಿನುಗುತ್ತಿರುತ್ತದೆ.